ಪುಟದಂಚಿನಲ್ಲಿ ನಾನು ಹಿಡಿದ ಕೊಲೆಗಾರರು

ಪುಸ್ತಕ ಓದುವವರೆಲ್ಲ ಶಾಂತ ಸ್ವಭಾವದವರು ಎಂಬ ಮಾತನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಅವರು ನಾನು ಓದುವುದನ್ನು ನೋಡಿಲ್ಲ ಎಂಬುದು ಮಾತ್ರ ಖಂಡಿತ. ಕಾದಂಬರಿ ಕೈಗೆ ಬಂತೆಂದರೆ ನಾನು ಒಂದು ಕಡೆ ಕೂರುವವನಲ್ಲ. ಕುರ್ಚಿಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಯ ಬಾಗಿಲಿಗೆ, ಅಲ್ಲಿ ಯಾರೂ ಕರೆಯದಿದ್ದರೂ ಒಮ್ಮೆ ಇಣುಕಿ ಮತ್ತೆ ಕುರ್ಚಿಗೆ. ಕೂತರೂ ಮೊಣಕಾಲು ಕುಣಿಯುತ್ತಿರುತ್ತದೆ. "ನೀವು ಓದೋದು ನೋಡಿದ್ರೆ ಆ ಕೊಲೆ ನೀವೇ ಮಾಡಿ ಬಂದ ಹಾಗೆ ಕಾಣ್ತದೆ" ಎಂದು ನನ್ನ ಹೆಂಡತಿ ವಸುಧಾ ಹೇಳುವುದುಂಟು. ಅವಳು ಓದುವುದು ದಿನಕ್ಕೆ ಹತ್ತು ಪುಟ, ಅದೂ ಕೂತಲ್ಲೇ. ಹತ್ತನೇ ಪುಟದಲ್ಲಿ ಒಬ್ಬನ ಕುತ್ತಿಗೆಗೆ ಕತ್ತಿ ಬಂದಿದ್ದರೂ ಗುರುತಿಗೆ ಕಾಗದ ಇಟ್ಟು ಪುಸ್ತಕ ಮುಚ್ಚಿ ಬಟ್ಟೆ ಮಡಚಲು ಏಳುತ್ತಾಳೆ. ಇಂಥವರ ಜೊತೆ ಇಪ್ಪತ್ತೆರಡು ವರ್ಷ ಹೇಗೆ ಬಾಳಿದೆ ಎಂದು ನನಗೇ ಆಶ್ಚರ್ಯ. ಅವಳಿಗೂ ಇರಬಹುದು.

ನನಗೆ ಇದಕ್ಕಿಂತ ದೊಡ್ಡ ದುರಭ್ಯಾಸ ಒಂದಿದೆ. ನಾನು ಪೆನ್ಸಿಲ್ ಹಿಡಿದೇ ಓದುವವನು. ಪತ್ತೇದಾರಿ ಕಾದಂಬರಿಯ ಮೊದಲ ನಲವತ್ತು ಪುಟದೊಳಗೆ ಕೊಲೆಗಾರ ಯಾರೆಂದು ತೀರ್ಮಾನಿಸಿ ಅದನ್ನು ಪುಟದಂಚಿನಲ್ಲಿ ಬರೆದುಬಿಡದಿದ್ದರೆ ನನಗೆ ಸಮಾಧಾನವಿಲ್ಲ. ಬರೆದ ಮೇಲೂ ಸಮಾಧಾನವಿಲ್ಲ, ಸರಿಯೋ ತಪ್ಪೋ ಎಂಬ ಕಳವಳ ಶುರುವಾಗುತ್ತದೆ. ಐತಿಹಾಸಿಕ ಕಾದಂಬರಿಯಲ್ಲಿ ಕೊಲೆಗಾರನನ್ನು ಹುಡುಕುವ ಕೆಲಸವಿಲ್ಲ, ಅಲ್ಲಿ ಕೊಂದವನಿಗೇ ಪಟ್ಟ ಕಟ್ಟುತ್ತಾರೆ. ಹಾಗಾಗಿ ಅಲ್ಲಿ ರಾಜರಿಗೆ ಸಲಹೆ ಬರೆಯುತ್ತೇನೆ. 'ಸೋದರಮಾವನನ್ನು ನಂಬಬೇಡ.' 'ಕೋಟೆಯ ಹಿಂಬಾಗಿಲಿಗೆ ಕಾವಲು ಹಾಕಿದ್ದೀಯಾ?' 'ಈ ಹೊತ್ತಿನಲ್ಲಿ ನಾಟ್ಯ ಬೇಕಿತ್ತೆ?' ಇದುವರೆಗೆ ಒಬ್ಬ ರಾಜನೂ ನನ್ನ ಮಾತು ಕೇಳಿಲ್ಲ.

ನನ್ನ ಮನೆ ಕೊಪ್ಪದ ಪಕ್ಕದ ಬಾಳಗಡಿಯಲ್ಲಿ, ಕೆಲಸ ಶೃಂಗೇರಿಯ ಒಂದು ಕಚೇರಿಯಲ್ಲಿ. ನರಸಿಂಹರಾಜಪುರದಿಂದ ಹೊರಟು ಶೆಟ್ಟಿಕೊಪ್ಪ ದಾಟಿ ಬರುವ ಖಾಸಗಿ ಬಸ್ಸನ್ನು ಕೊಪ್ಪದಲ್ಲಿ ಹತ್ತಿದರೆ ಹರಿಹರಪುರದ ಮೇಲಾಗಿ ಶೃಂಗೇರಿಗೆ ಸುಮಾರು ಒಂದು ಗಂಟೆ. ಬೆಳಿಗ್ಗೆ ಹೋಗುವಾಗ ಪತ್ತೇದಾರಿ, ಸಂಜೆ ಬರುವಾಗ ಐತಿಹಾಸಿಕ. ಅನುಭವದಿಂದ ಮಾಡಿಕೊಂಡ ವ್ಯವಸ್ಥೆ ಇದು. ಸಂಜೆ ಪತ್ತೇದಾರಿ ಓದಿದರೆ ಮನೆಗೆ ಬಂದು ಊಟದ ತಟ್ಟೆಯನ್ನೂ ಅನುಮಾನದಿಂದ ನೋಡುತ್ತೇನೆ. ಬೆಳಿಗ್ಗೆ ಐತಿಹಾಸಿಕ ಓದಿದರೆ ಕಚೇರಿಯಲ್ಲಿ ಮೇಲಧಿಕಾರಿಯ ಎದುರು ಎದೆಯುಬ್ಬಿಸಿ ನಿಲ್ಲುವ ಅಪಾಯವಿದೆ. ಈಚೆಗೆ ಎರಡೂ ಬಗೆಯವನ್ನು ಸಾಕಷ್ಟು ಓದಿದ್ದರಿಂದ ಒಂದೆರಡು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಈಗಿನ ಪತ್ತೇದಾರರಿಗೆ ನಿದ್ದೆ ಬರುವುದಿಲ್ಲ, ಹೆಂಡತಿ ಬಿಟ್ಟುಹೋಗಿರುತ್ತಾಳೆ, ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಬಾಗಿಲು ತೆರೆದು ಯಾರೋ ಒಳಗೆ ಬಂದರು ಎನ್ನುವಾಗ ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಯಾರದೋ ಬಾಲ್ಯ ಹೇಳುತ್ತದೆ. ಬಂದವರು ಬಾಗಿಲಲ್ಲೇ ನಿಂತಿರಬೇಕು. ಐತಿಹಾಸಿಕದಲ್ಲಿ ಇನ್ನೊಂದು ಕಷ್ಟ. ಅಲ್ಲಿ ಯಾರೂ ಸುಮ್ಮನೆ ಮಾತಾಡುವುದಿಲ್ಲ. ರಾಣಿಗೆ ಬಾಯಾರಿದರೆ ನೀರು ಎನ್ನುವುದಕ್ಕೇ ನಾಲ್ಕು ಸಾಲು ಬೇಕು. ಕುದುರೆಗಳಿಗೆ ಸುಸ್ತಾಗುವುದೇ ಇಲ್ಲ. ಆದರೂ ರಾಜ ಕೊನೆಗೆ ಸಾಯುತ್ತಾನೆಂದು ಶಾಲೆಯಲ್ಲೇ ಓದಿ ಗೊತ್ತಿರುವ ನಾನು, ಈ ಸಲ ಹೇಗಾದರೂ ಬದುಕಿಕೊಳ್ಳುತ್ತಾನೇನೋ ಎಂದು ಹರಿಹರಪುರದಿಂದ ಕೊಪ್ಪದವರೆಗೆ ಉಗುರು ಕಚ್ಚುತ್ತಿರುತ್ತೇನೆ.

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಓದುತ್ತಿದ್ದದ್ದು ಒಬ್ಬ ಶ್ರೀಮಂತ ವಕೀಲನ ಕೊಲೆಯ ಕಥೆ. ದೊಡ್ಡ ಬಂಗಲೆ. ರಾತ್ರಿ ಪಾಯಸ ತಿಂದು ಮಲಗಿದ ವಕೀಲ ಬೆಳಿಗ್ಗೆ ಏಳಲಿಲ್ಲ. ಅನುಮಾನಕ್ಕೆ ಆತನ ಅಣ್ಣನ ಮಗ, ಕುಟುಂಬದ ಡಾಕ್ಟರು, ಅಡುಗೆಯವಳು. ಇನ್ನು ಮೂವತ್ತು ಪುಟ ಬಾಕಿ ಇರುವಾಗ ಬಸ್ಸು ಶೃಂಗೇರಿ ತಲುಪಿತು. ಅದೇ ಹೊತ್ತಿಗೆ ಕಚೇರಿಯಿಂದ ಫೋನು ಬಂತು. ಮಾತಾಡುತ್ತ ಇಳಿದೆ. ಪುಸ್ತಕ ಸೀಟಿನ ಮೇಲೇ ಉಳಿಯಿತು.

ಆ ದಿನ ನಾನು ಮಾಡಿದ ಕೆಲಸವನ್ನು ಮರುದಿನ ಬೇರೆಯವರು ಪೂರ್ತಿ ಮತ್ತೆ ಮಾಡಬೇಕಾಯಿತು. ಅರ್ಜಿ ಹಿಡಿದು ಬಂದ ಒಬ್ಬರಿಗೆ ನಿಮ್ಮ ಹೆಸರೇನು ಎಂದು ಮೂರು ಸಲ ಕೇಳಿದೆ. ಮೂರನೇ ಸಲ ಅವರು ತಮ್ಮ ಹೆಸರು ಹೇಳುವಾಗ ತಾವೇ ಅನುಮಾನದಿಂದ ಹೇಳಿದರು. ಸಂಜೆಯ ಬಸ್ಸು ಬೇರೆ. ಮನೆಯಲ್ಲಿ ಐತಿಹಾಸಿಕ ಕಾದಂಬರಿ ತೆರೆದರೆ ಅರಮನೆಯ ಪಾಯಸದಲ್ಲೂ ವಿಷ ಕಾಣತೊಡಗಿತು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದವನೇ ಕಂಡಕ್ಟರ್ ಸುಧಾಕರನನ್ನು ಕೇಳಬೇಕೆಂದು ಬಾಯಿ ತೆರೆದೆ. ಸುಧಾಕರ ನಲವತ್ತರ ಆಸುಪಾಸಿನ ಮನುಷ್ಯ, ಟಿಕೆಟ್ ಹರಿಯುತ್ತಲೇ ಇಡೀ ಬಸ್ಸಿನ ಜೊತೆ ಮಾತಾಡುವವನು. ಅವನಾಗಲೇ ಹಿಂದಿನ ಬಾಗಿಲಿಗೆ ಒರಗಿ ನಿಂತು ಕಥೆ ಹೇಳುತ್ತಿದ್ದ. "ಪಾಯಸ ತಿಂದು ಮಲಗಿದ ಜನ ಏಳೂದೇ ಇಲ್ಲ ಮಾರಾಯ್ರೆ! ಬಾಗಿಲು ಒಳಗಿಂದ ಚಿಲಕ!"

ನನ್ನ ಪುಸ್ತಕ ಅವನ ಕಂಕುಳಲ್ಲಿತ್ತು. ಹಿಂದಿನ ರಾತ್ರಿ ಬಸ್ಸು ನಿಂತ ಮೇಲೆ ಅರ್ಧ ಓದಿದ್ದನಂತೆ. ನರಸಿಂಹರಾಜಪುರದಿಂದ ಹತ್ತಿದವರು, ಶೆಟ್ಟಿಕೊಪ್ಪದಲ್ಲಿ ಹತ್ತಿದವರು, ಎಲ್ಲರೂ ಕಿವಿಗೊಟ್ಟು ಕೂತಿದ್ದರು. ನನಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಪುಸ್ತಕ ಕಸಿದುಕೊಳ್ಳುವ ಆತುರ. ಕೈ ಎತ್ತಿದೆ. ಅಷ್ಟರಲ್ಲಿ ಸುಧಾಕರ ನಗುತ್ತ, "ಇದ್ರಲ್ಲಿ ಇನ್ನೊಂದು ತಮಾಷೆ ಉಂಟು. ಪುಸ್ತಕ ಬಿಟ್ಟುಹೋದ ಪುಣ್ಯಾತ್ಮ ಪೆನ್ಸಿಲಲ್ಲಿ ಎಂತೆಂತದೋ ಬರ್ದಿದ್ದಾನೆ. ಕೇಳಿ. 'ಅಡುಗೆಯವಳ ನಡವಳಿಕೆ ಸರಿಯಿಲ್ಲ.' ಮತ್ತೊಂದು. 'ಇವಳು ಅತ್ತಿದ್ದು ನಾಟಕ.' ಇಲ್ಲಿ ನೋಡಿ, ಎರಡು ಗೆರೆ ಎಳ್ದು, 'ಇವಳೇ. ಸಂಶಯವೇ ಇಲ್ಲ!'" ಎಂದು ಓದಿದ.

ಬಸ್ಸೆಲ್ಲ ನಕ್ಕಿತು. ಎತ್ತಿದ ಕೈಯಿಂದ ನಾನು ಮೇಲಿನ ಕಂಬಿ ಹಿಡಿದೆ.

ನಗದೆ ಕೂತವರು ಒಬ್ಬರೇ. ಮುಂದಿನಿಂದ ಮೂರನೇ ಸೀಟಿನ ಗಿರಿಜಕ್ಕ. ಕೊಪ್ಪದವರು, ಶೃಂಗೇರಿಯ ಒಂದು ಮನೆಯಲ್ಲಿ ಅಡುಗೆ ಕೆಲಸ. ವರ್ಷದಿಂದ ನಾವಿಬ್ಬರೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದರೂ ಮಾತಾಡಿದ್ದು ಕಡಿಮೆ. ಅವರು ಸುಧಾಕರನ ಕಡೆ ತಿರುಗಿ, "ಅವ್ಳು ಎಂತ ಮಾಡಿದ್ಳು ಅಂತ ಬರ್ದಿದ್ದಾನಾ ಅಂವ? ಯಾಕೆ ಇವ್ಳೇ ಅಂತ?" ಎಂದು ಕೇಳಿದರು.

ಸುಧಾಕರ ಪುಟ ತಿರುಗಿಸಿ ನೋಡಿ, "ಅದೆಂತ ಬರ್ದಿಲ್ಲ ಗಿರಿಜಕ್ಕ" ಎಂದ.

"ಬರಿಯೂದಿಲ್ಲ. ಯಾರೂ ಹೇಳೂದೂ ಇಲ್ಲ" ಎಂದರು ಗಿರಿಜಕ್ಕ. ಆಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಹೇಳುವ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮೊದಲು ಅವರು ಕೊಪ್ಪದಲ್ಲೇ ಒಂದು ಮನೆಗೆ ಹೋಗುತ್ತಿದ್ದರು. ಒಂಬತ್ತು ವರ್ಷ ಹೋಗಿದ್ದರು. ಒಂದು ದಿನ ಆ ಮನೆಯ ಸರ ಕಾಣೆಯಾಯಿತು. ಯಾರೂ ಇವರನ್ನು ಬೈಯಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಇವರು ಒಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ. ನಾಲ್ಕನೇ ದಿನ ಸರ ವಾಷಿಂಗ್ ಮೆಷಿನ್ನಿನೊಳಗೆ ಸಿಕ್ಕಿತು. "ಸಿಕ್ತು ಗಿರಿಜಾ ಅಂತ ಖುಷಿಲಿ ಕೂಗಿದ್ರು. ನಂಗೆ ಯಾಕೆ ಹೇಳ್ಬೇಕು? ಕಳ್ದುಹೋಗಿದೆ ಅಂತ ನಂಗೆ ಹೇಳಿರ್ಲೇ ಇಲ್ವಲ್ಲ. ಮಾರನೇ ದಿನದಿಂದ ನಾ ಹೋಗ್ಲಿಲ್ಲ. ಮನೆ ಪಕ್ಕದ ಕೆಲ್ಸ ಬಿಟ್ಟು ಈಗ ದಿನಾ ಈ ಬಸ್ಸಲ್ಲಿ ಕುಲುಕ್ತಾ ಹೋಗೂದು ಅದಕ್ಕೇ."

"ಆ ಪೆನ್ಸಿಲಿನವ್ನು ಸಿಕ್ಲಿ, ಕೇಳುವ" ಎಂದು ಯಾರೋ ಹಿಂದಿನಿಂದ ಹೇಳಿದರು. ನಾನು ಕಿಟಕಿಯಾಚೆ ನೋಡಿದೆ. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದು ವಸುಧಾಳಿಗೆ ಎಲ್ಲ ಹೇಳಿದೆ. "ಪುಸ್ತಕ ನಂದು ಅಂತ ಹೇಳಿ ತಗೊಳ್ಳಿ. ತಪ್ಪಾಯ್ತು ಅನ್ನಿ. ಎರಡು ನಿಮಿಷದ ಕೆಲ್ಸ" ಎಂದಳು. ಹತ್ತು ಪುಟಕ್ಕೆ ಪುಸ್ತಕ ಮುಚ್ಚುವವರಿಗೆ ಎಲ್ಲವೂ ಎರಡು ನಿಮಿಷದ ಕೆಲಸ. ನಾನು ಆ ಎರಡು ನಿಮಿಷಕ್ಕೆ ಬುಧವಾರ ಧೈರ್ಯ ಮಾಡಿದೆ, ಆಗಲಿಲ್ಲ. ಗುರುವಾರ ಉಪಾಯ ಮಾಡಿದೆ. "ಆ ಪುಸ್ತಕ ಒಂದ್ಸಲ ಕೊಡಿ, ಹೀಗೇ ನೋಡಿ ಕೊಡ್ತೇನೆ" ಎಂದು ಸುಧಾಕರನನ್ನು ಕೇಳಿದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಲೈನ್ ಉಂಟು ಸಾರ್. ನಾನು ಮುಗ್ಸಿದ ಮೇಲೆ ಡ್ರೈವರ್ರಿಗೆ, ಆಮೇಲೆ ಬೇರೆಯವ್ರಿಗೆ" ಎಂದ. ನನ್ನದೇ ಪುಸ್ತಕಕ್ಕೆ ನಾನು ಸರದಿಯಲ್ಲಿ ಮೂರನೆಯವನಾದೆ. ಅವನೋ ದಿನಕ್ಕೆ ಇಷ್ಟೇ ಎಂದು ಅಳೆದು ಹೇಳುತ್ತಿದ್ದ. ಸರಿಯಾಗಿ ಶೃಂಗೇರಿ ಬರುವ ಹೊತ್ತಿಗೆ ಯಾರಾದರೊಬ್ಬರು ಬಾಗಿಲು ತಟ್ಟುತ್ತಿದ್ದರು.

ಶುಕ್ರವಾರ ಕಥೆ ಮುಗಿಯಿತು. ಆ ದಿನ ಹರಿಹರಪುರದಲ್ಲಿ ಇಳಿಯಬೇಕಾದ ಇಬ್ಬರು ಇಳಿಯದೆ ಉಳಿದರು. ಕೊಲೆಗಾರ ಡಾಕ್ಟರು! ವಕೀಲನ ಉಯಿಲನ್ನು ತಿದ್ದಿದ್ದೂ ಅವನೇ, ಮಾತ್ರೆ ಬದಲಿಸಿದ್ದೂ ಅವನೇ. ಅಡುಗೆಯವಳು ಪಾಯಸದ ಪಾತ್ರೆ ತೊಳೆಯದೆ ತೆಗೆದಿಟ್ಟದ್ದರಿಂದಲೇ ಅದರಲ್ಲಿ ವಿಷವಿರಲಿಲ್ಲ ಎಂದು ಗೊತ್ತಾಗಿ ಡಾಕ್ಟರು ಸಿಕ್ಕಿಬಿದ್ದ. "ಅವ್ಳಿಲ್ದಿದ್ರೆ ಕೇಸೇ ಇಲ್ಲ!" ಎಂದು ಸುಧಾಕರ ಮುಗಿಸಿದ. ಜನ ಚಪ್ಪಾಳೆ ತಟ್ಟಿದರು. ಗಿರಿಜಕ್ಕ ತಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು, "ಪಾತ್ರೆ ಹಾಗೇ ಇಟ್ಳಲ್ಲ, ಬುದ್ಧಿವಂತೆ" ಎಂದರು.

ನನಗೆ ತಡೆಯಲಾಗಲಿಲ್ಲ. ನಾನು ಓದಿದ್ದ ಪುಟಗಳ ಪ್ರಕಾರ ಡಾಕ್ಟರು ಆ ರಾತ್ರಿ ಊರಲ್ಲೇ ಇರಲಿಲ್ಲ! ಎಲ್ಲರೂ ಇಳಿಯುವವರೆಗೆ ಕಾದು, "ಸುಧಾಕರ, ಆ ಪುಸ್ತಕ ನಂದು. ಪೆನ್ಸಿಲಲ್ಲಿ ಬರೆದವನೂ ನಾನೇ" ಎಂದುಬಿಟ್ಟೆ.

"ಗೊತ್ತುಂಟಲ್ಲ ಸಾರ್" ಎಂದು ಅವನು ಪುಸ್ತಕ ಕೊಟ್ಟ. "ಮೊದಲ್ನೇ ಪುಟದಲ್ಲೇ ನಿಮ್ಮ ಹೆಸ್ರು, ಬಾಳಗಡಿ ಅಂತ ಊರು, ಎಲ್ಲ ಬರ್ದಿದ್ದೀರಿ. ನೀವಾಗಿ ಹೇಳ್ತೀರಾ ನೋಡುವ ಅಂತ ಸುಮ್ನಿದ್ದೆ."

ಊರಿನ ಕೊಲೆಗಾರರನ್ನೆಲ್ಲ ಹಿಡಿಯುವ ನನಗೆ ನನ್ನ ಪುಸ್ತಕದ ಮೇಲೆ ನನ್ನ ಹೆಸರಿರುವುದು ಹೊಳೆದಿರಲಿಲ್ಲ.

ಆ ದಿನ ಕಚೇರಿಗೆ ಹೋಗಿ ಮೊದಲು ಕೊನೆಯ ಮೂವತ್ತು ಪುಟ ಓದಿದೆ. ಕೊಲೆ ಮಾಡಿದ್ದು ಅಡುಗೆಯವಳೇ. ಪಾಯಸದಲ್ಲೇ ವಿಷ. ನನ್ನ ಊಹೆ ಅಕ್ಷರಶಃ ಸರಿಯಾಗಿತ್ತು. ಎಷ್ಟೋ ವರ್ಷಗಳ ಪೆನ್ಸಿಲ್ ಸೇವೆಯಲ್ಲಿ ಇಷ್ಟು ಖಚಿತವಾಗಿ ಗೆದ್ದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಕಾಫಿ ತರಿಸಿ ಎಲ್ಲರಿಗೂ ಕೊಡಿಸುತ್ತಿದ್ದೆ. ಅಂದು ಪುಸ್ತಕವನ್ನು ಡ್ರಾಯರಿಗೆ ಹಾಕಿ, ಮತ್ತೆ ತೆಗೆದು ಚೀಲಕ್ಕೆ ಹಾಕಿ, ಮತ್ತೆ ಡ್ರಾಯರಿಗೆ ಹಾಕಿದೆ.

ಶನಿವಾರ ಸುಧಾಕರನನ್ನು ಮೆಲ್ಲಗೆ ಕೇಳಿದೆ. "ಸುಳ್ಳು ಹೇಳಿದ್ರಲ್ಲ?"

"ಸುಳ್ಳೆಂತದು ಸಾರ್, ಕಥೆ ಅಲ್ವಾ?" ಎಂದ ಅವನು. "ಗಿರಿಜಕ್ಕ ದಿನಾ ನಮ್ಮ ಬಸ್ಸಿಗೆ ಬರ್ಬೇಕು. ಪುಸ್ತಕ ಬರ್ದವ್ರು ಬರೂದಿಲ್ಲ."

ಇನ್ನು ಉಳಿದದ್ದು ವಸುಧಾಳ ಎರಡು ನಿಮಿಷ. ಸೋಮವಾರ ಗಿರಿಜಕ್ಕನ ಪಕ್ಕದ ಸೀಟಿನ ಹೆಂಗಸು ಬಂದಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಮುಂದಕ್ಕೆ ಬಾಗಿ, "ಗಿರಿಜಕ್ಕ, ಪೆನ್ಸಿಲಲ್ಲಿ ಹಾಗೆ ಬರೆದವನು ನಾನು. ತಪ್ಪಾಯ್ತು" ಎಂದೆ.

ಅವರು ತಿರುಗಿ ನೋಡಿದರು. ಸಿಟ್ಟು ಕಾಣಲಿಲ್ಲ. ಸಿಟ್ಟಾದರೂ ಆಗಿದ್ದರೆ ನನಗೆ ಅನುಕೂಲವಿತ್ತು. "ಅವ್ಳೇ ಅಂತ ಯಾಕೆ ಅನ್ನಿಸ್ತು ನಿಮ್ಗೆ?" ಎಂದರು.

"ಅವಳು ಎಲ್ಲರ ಕೋಣೆಗೂ ಹೋಗ್ತಾ ಇದ್ದಳಲ್ಲ, ಹಾಗಾಗಿ..."

"ಹೋಗ್ದೆ ಕಸ ಗುಡ್ಸೂದು ಹ್ಯಾಂಗೆ?"

ಸ್ವಲ್ಪ ದೂರ ಹೋದ ಮೇಲೆ ಅವರೇ, "ಆಯ್ತು ಬಿಡಿ. ಹೇಳಿದ್ರಲ್ಲ. ಆ ಮನೆಯವ್ರು ಇದುವರೆಗೆ ಹೇಳ್ಲಿಲ್ಲ" ಎಂದರು. ಮತ್ತೆ ನನ್ನ ಚೀಲದ ಕಡೆ ನೋಡಿ, "ಈಗ ಎಂತ ಓದ್ತಿದ್ದೀರಿ?" ಎಂದು ಕೇಳಿದರು.

ಪಾರಾದೆನೆಂಬ ಉತ್ಸಾಹದಲ್ಲಿ ಸಂಜೆಯ ಐತಿಹಾಸಿಕ ಕಾದಂಬರಿಯನ್ನು ಬೆಳಿಗ್ಗೆಯೇ ಬಿಚ್ಚಿದೆ. ರಾಜ, ಕೋಟೆ, ಹನ್ನೆರಡು ಸಾವಿರ ಸೈನಿಕರು, ಆರು ತಿಂಗಳ ಮುತ್ತಿಗೆ. ಕೈ ಬೀಸಿ ಹೇಳುತ್ತಿದ್ದುದರಿಂದ ಸುಧಾಕರನೂ ಹತ್ತಿರ ಬಂದು ನಿಂತ. ಗಿರಿಜಕ್ಕ ಪೂರ್ತಿ ಕೇಳಿ, "ಹನ್ನೆರಡು ಸಾವಿರ ಜನಕ್ಕೆ ಆರು ತಿಂಗ್ಳು ಅಡುಗೆ ಯಾರು ಮಾಡಿದ್ರು?" ಎಂದರು.

"ಅದು... ಇನ್ನೂ ಬಂದಿಲ್ಲ."

"ಬಂದ ಮೇಲೆ ಹೇಳಿ."

ಬರಲಿಲ್ಲ. ಮುನ್ನೂರು ಪುಟ ಆಯಿತು. ರಾಜ ಎರಡು ಭಾಷಣ ಮಾಡಿದ, ರಾಣಿ ಕನಸು ಕಂಡಳು, ಸೇನಾಪತಿಯ ಕುದುರೆಗೆ ಕೂಡ ಒಂದು ಪುಟ ಸಿಕ್ಕಿತು. ಒಲೆ ಹೊತ್ತಿಸಿದವರು ಯಾರೂ ಇಲ್ಲ. ಮನೆಯ ಕಪಾಟಿನಲ್ಲಿದ್ದ ಇನ್ನು ನಾಲ್ಕು ಐತಿಹಾಸಿಕಗಳನ್ನು ತೆಗೆದು ತಿರುವಿದೆ. ರಾಜರ ಔತಣಗಳು ಬೇಕಾದಷ್ಟಿವೆ, ಬಡಿಸಿದವರ ಬಳೆಯ ಸದ್ದೂ ಒಂದು ಕಡೆ ಇದೆ, ಅಕ್ಕಿ ತೊಳೆದವರಿಲ್ಲ. ಗಿರಿಜಕ್ಕ ದಿನಾ ಬೆಳಿಗ್ಗೆ ನನ್ನತ್ತ ತಿರುಗಿ, "ಬಂತಾ?" ಎನ್ನುತ್ತಾರೆ. ನಿನ್ನೆ ಅವಮಾನ ತಾಳಲಾರದೆ, ಸುಧಾಕರನ ದಾರಿಯೇ ಸರಿ ಎಂದುಕೊಂಡು, "ಬಂತು ಗಿರಿಜಕ್ಕ. ನೂರು ಜನ ಅಡುಗೆಯವ್ರು ಇದ್ರು. ದಿನಾ ಹುರುಳಿ ಸಾರು, ಅನ್ನ" ಎಂದು ಹೇಳಿಬಿಟ್ಟೆ.

ಅವರ ಮುಖ ಅರಳಿತು. ಒಂದು ಗಳಿಗೆ ನಾನೂ ಕಾದಂಬರಿಕಾರನಾಗಿದ್ದೆ.

"ಹನ್ನೆರಡು ಸಾವಿರ ಜನಕ್ಕೆ ಹುರುಳಿ ಬೇಯೂದು ಅಂದ್ರೆ ಸಾಮಾನ್ಯನಾ? ಎಷ್ಟು ಹೊತ್ತಿಗೆ ಒಲೆ ಹಚ್ತಿದ್ರಂತೆ? ಕೋಟೆ ಬಾಗ್ಲು ಹಾಕಿದ್ರೆ ಕಟ್ಟಿಗೆ ಎಲ್ಲಿಂದ?" ಎಂದರು ಗಿರಿಜಕ್ಕ. ಸುಧಾಕರ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ನಾಳೆ ಹೇಳ್ತೇನೆ" ಎಂದೆ.

ಈ ದಿನ ನಾನು ಅರ್ಧ ಗಂಟೆ ಮುಂಚಿನ ಬಸ್ಸಿಗೆ ಹೋದೆ.