ಅತ್ತೆಯ ಮನೆಗೆ ಓಟು ಕೇಳಲು ಬಂದವರು

ನನ್ನ ಸೋದರತ್ತೆ ದೇವರಿಗೂ ಹೋಲಿಸಿ ನೋಡದೆ ಕೈಮುಗಿದವಳಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ನನಗೇನೂ ಬೇಸರವಿಲ್ಲ! ಆದರೆ ಒಮ್ಮೆ ಆಕೆಯ ಜೊತೆ ಬಳ್ಳಾರಿ ಮಾರ್ಕೆಟ್ಟಿಗೆ ಹೋಗಿ ಬಂದವರು ಯಾರೂ ನನ್ನ ಮಾತನ್ನು ಅಲ್ಲಗಳೆದದ್ದಿಲ್ಲ. ಬದನೆಕಾಯಿ ಕೊಳ್ಳಬೇಕೆಂದರೆ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಬುಟ್ಟಿಯ ಮುಂದೂ ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೂ ತೊಟ್ಟು ಹಿಡಿದು ತಿರುಗಿಸಿ ನೋಡಿ, ಕೊನೆಗೆ ಮೊದಲ ಬುಟ್ಟಿಗೇ ವಾಪಸು ಬರುವಳು. ಅಷ್ಟರಲ್ಲಿ ಆ ಬುಟ್ಟಿ ಖಾಲಿ! "ನೋಡಿದ್ಯಾ, ಇದ ಚಲೋ ಐತಂತ ನಾ ಅಂದಿರಲಿಲ್ಲೇನು?" ಎಂದು ನನ್ನ ಕಡೆ ಹೆಮ್ಮೆಯಿಂದ ತಿರುಗುವಳು. ಬದನೆಕಾಯಿ ಇಲ್ಲದೆ ಮನೆಗೆ ಬಂದರೂ ತೀರ್ಪು ಸರಿಯಾಗಿತ್ತಲ್ಲ, ಆಕೆಗೆ ಅಷ್ಟು ಸಾಕು.

ಅತ್ತೆಯ ಊರು ಕುರುಗೋಡಿನಿಂದ ಬಳ್ಳಾರಿ ಕಡೆ ಬರುವಾಗ ರಸ್ತೆಯಿಂದ ಸ್ವಲ್ಪ ಒಳಗಿರುವ ಸಣ್ಣ ಹಳ್ಳಿ. ಬಸ್ಸು ಅಪರೂಪ. ನಾನು ಬಳ್ಳಾರಿಯ ಸಾಲೆಯೊಂದರಲ್ಲಿ ಟೀಚರು, ರಜೆ ಸಿಕ್ಕರೆ ಅಲ್ಲಿಗೆ ಹೋಗುವವಳು. ಒಮ್ಮೆ ನಾವಿಬ್ಬರೂ ಕುರುಗೋಡಿಗೆ ಹೊರಟಾಗ, ಕೈ ಮಾಡಿ ನಿಲ್ಲಿಸಿದ ಬಸ್ಸನ್ನು ಅತ್ತೆಯೇ ಕಳಿಸಿಬಿಟ್ಟಳು. "ಡ್ರೈವರನ ಕಣ್ಣು ನೋಡಿದ್ಯಾ? ನಿದ್ದಿಗಣ್ಣು. ಮುಂದಿನ ಬಸ್ಸಿನವನ್ನ ನೋಡೂಣು." ಬಿಸಿಲಿನಲ್ಲಿ ಕಾದೆವು. ಮುಂದಿನ ಬಸ್ಸು ಬಂತು. ಡ್ರೈವರು ಅವನೇ! ಕುರುಗೋಡಿಗೆ ಹೋಗಿ, ಬಳ್ಳಾರಿ ಮುಟ್ಟಿ, ಮತ್ತೆ ತಿರುಗಿ ಬಂದಿದ್ದ. ಅತ್ತೆ ಅವನನ್ನು ದಿಟ್ಟಿಸಿ, "ಈಗ ಪರವಾಗಿಲ್ಲ" ಎಂದು ಹತ್ತಿ ಕೂತಳು.

ಗಂಡ ತೀರಿಕೊಂಡ ಮೇಲೆ ಆಕೆಗಿದ್ದವಳು ಒಬ್ಬಳೇ ಮಗಳು. ಅವಳಿಗೆ ವರ ನೋಡಿದ ಕಥೆ ಹೇಳಹೊರಟರೆ ಇವತ್ತಿಗೆ ಮುಗಿಯುವುದಿಲ್ಲ. ಅಂತೂ ಸಿರುಗುಪ್ಪದ ಭತ್ತದ ಗದ್ದೆಯವರ ಮನೆಗೆ ಕೊಟ್ಟಳು. ನಾನು ಹೇಳುತ್ತಿರುವ ವರ್ಷ ಆ ಮಗಳು ಮೊದಲ ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ಎಲ್ಲರಿಗೂ ಗೊತ್ತಿದ್ದ ರೂಢಿ. ಆದರೆ ಬೀಗರು ಅಡ್ಡ ಬಂದರು. "ನಿಮ್ಮೂರಾಗ ನರ್ಸಮ್ಮ ಇಲ್ಲ, ಡಾಕ್ಟ್ರಿಲ್ಲ. ಸಿರುಗುಪ್ಪದಾಗ ದವಾಖಾನಿ ಐತಿ. ಹೆರಿಗಿ ಇಲ್ಲೇ ಆಗ್ಲಿ" ಎಂದು ಹೇಳಿ ಕಳಿಸಿದರು. ಊರನ್ನೆಲ್ಲ ತೂಗಿ ನೋಡುತ್ತಿದ್ದ ಅತ್ತೆಯನ್ನು ಯಾರೋ ತೂಗಿ ನೋಡಿ ಕಡಿಮೆ ಎಂದದ್ದು ಅದೇ ಮೊದಲು!

ಹಾಗಂತ ಊರಲ್ಲಿ ಹೆರಿಗೆ ಕೇಂದ್ರ ಇರಲಿಲ್ಲವೇ? ಇತ್ತು. ಸುಣ್ಣ ಹೊಡೆದ ಕಟ್ಟಡ, ಮೇಲೆ ಚಂದಾಗಿ ಬರೆದ ಬೋರ್ಡು. ಉದ್ಘಾಟನೆಯ ಸಂಜೆ ಬಿದ್ದ ಬೀಗ ಮತ್ತೆ ತೆಗೆದಿರಲಿಲ್ಲ, ಅಷ್ಟೇ. ನರ್ಸು ಬಂದೇ ಇರಲಿಲ್ಲ. ಮೆಟ್ಟಿಲ ಮೇಲೆ ಆಡುಗಳು ಮಲಗುತ್ತಿದ್ದವು. ಆ ಬೀಗ ತೆಗೆದರೆ ಮಗಳು ಮನೆಗೆ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ. ಅತ್ತೆಗೆ ಆಗ ಹಗಲೂ ರಾತ್ರಿ ಅದೊಂದೇ ಧ್ಯಾನ.

ಅದೇ ಹೊತ್ತಿಗೆ ಜಿಲ್ಲಾ ಪರಿಷತ್ತಿಗೆ ಚುನಾವಣೆ ಬಂತು. ನಮ್ಮ ಕ್ಷೇತ್ರ ಮಹಿಳೆಯರಿಗೆ ಮೀಸಲು! ಮೂರು ಜನ ನಿಂತರು. ಅತ್ತೆಯ ಓಣಿಯ ಹೆಂಗಸರೆಲ್ಲ ಆಕೆ ಹೇಳಿದ ಕಡೆ ಓಟು ಹಾಕುವವರು, ಹಾಗಾಗಿ ಮೂವರೂ ಆಕೆಯ ಬಾಗಿಲಿಗೆ ಬರಲೇಬೇಕು. ಅತ್ತೆ ತಯಾರಾದಳು. ಎಲ್ಲರಿಗೂ ಅದೇ ಮಂಡಕ್ಕಿ ವಗ್ಗಾಣಿ, ಅದೇ ಮಿರ್ಚಿ ಬಜ್ಜಿ, ಅದೇ ತಟ್ಟೆ, ಅದೇ ಪ್ರಶ್ನೆ. "ಒಬ್ಬರಿಗೆ ಉಪ್ಪಿಟ್ಟು, ಒಬ್ಬರಿಗೆ ಮಿರ್ಚಿ ಕೊಟ್ರ ಹೋಲಿಸಿ ನೋಡೂದು ಹೆಂಗಲೇ?" ಎಂದು ನನಗೆ ಹಿಟ್ಟು ಕಲಸಲು ಹಚ್ಚಿದಳು.

ಮೊದಲು ಜೀಪಿನಲ್ಲಿ ಒಬ್ಬ ಗುತ್ತಿಗೆದಾರ ಬಂದ. "ದೊಡ್ಡವ್ವ, ಈ ಸಲ ನನಗ ಓಟು ಹಾಕಬೇಕು ನೋಡ್ರಿ" ಎಂದು ಕೈಮುಗಿದ.

"ನಿನಗೆಂಗ ಹಾಕಾಕ ಬರ್ತೈತೆಪ್ಪಾ? ಸೀಟು ಹೆಂಗಸ್ರಿಗಂತಲ್ಲ?"

"ಹೆಸರು ನಮ್ಮ ಮನಿಯಾಕಿದ್ರಿ. ಕೆಲಸ ಎಲ್ಲಾ ನಾನ ಮಾಡಾವ."

"ಹಂಗಾದ್ರ ನೀ ಸೀರಿ ಉಟ್ಕೊಂಡು ಬರಬೇಕಾಗಿತ್ತು!"

ಓಣಿಯೆಲ್ಲ ನಕ್ಕಿತು. ಅವನೂ ನಕ್ಕ, ಬೇರೆ ದಾರಿ ಏನಿತ್ತು? "ಹೆಣ್ಣು ನೋಡದ ಒಪ್ಪಾಕಿ ನಾನಲ್ಲ. ಕರ್ಕೊಂಡು ಬಾ" ಎಂದು ಅತ್ತೆ ತಟ್ಟೆಯನ್ನು ಒಳಗಿಟ್ಟಳು.

ಮರುದಿನ ಹೆಂಡತಿಯನ್ನು ಕರೆತಂದ. ಪಾಪ, ಥೇಟ್ ವಧುಪರೀಕ್ಷೆಗೆ ಕೂತಂತೆ ತಲೆ ತಗ್ಗಿಸಿ ಕೂತಳು ಆಕೆ. "ಏನವ್ವಾ, ಆ ಹೆರಿಗಿ ಕೇಂದ್ರದ ಬೀಗ ಹೆಂಗ ತೆಗೆಸ್ತಿ?" ಎಂದು ಅತ್ತೆ ಕೇಳಿದರೆ ಗಂಡ, "ಮೇಲಿನವರಿಗೆ ಮನವಿ ಕೊಡ್ತೀವ್ರಿ" ಎಂದ. "ಯಾವಾಗ?" "ಗೆದ್ದ ಕೂಡಲೇ" ಎಂದದ್ದೂ ಗಂಡನೇ. ಕೊನೆಗೆ ಅತ್ತೆ, "ಮಿರ್ಚಿ ಖಾರ ಆತೇನವ್ವಾ?" ಎಂದಳು. "ಇಲ್ರಿ, ಏನೂ ಖಾರಿಲ್ಲ" ಎಂದ ಗಂಡ. ಅಷ್ಟರಲ್ಲಿ ಆ ಹೆಂಗಸಿನ ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಯುತ್ತಿತ್ತು!

ಎರಡನೆಯವನು ಬಳ್ಳಾರಿಯ ಹತ್ತಿ ವ್ಯಾಪಾರಿ. ಅವನ ಹೆಂಡತಿ ಬರಲೇ ಇಲ್ಲ. ಬಿಸಿಲು ಆಗಿಬರುವುದಿಲ್ಲವಂತೆ. ಬಳ್ಳಾರಿಯಲ್ಲಿದ್ದುಕೊಂಡು ಬಿಸಿಲು ಆಗಿಬರುವುದಿಲ್ಲ ಎನ್ನುವವರನ್ನು ನಾನಂತೂ ಅದೇ ಮೊದಲು ಕೇಳಿದ್ದು. ಅವನು ತಂದ ಕರಪತ್ರದಲ್ಲಿ ಗಂಡನ ಫೋಟೋ ತಟ್ಟೆಯಷ್ಟಗಲ, ಅಭ್ಯರ್ಥಿಯದು ಮೂಲೆಯಲ್ಲಿ ಅಂಚೆಚೀಟಿಯಷ್ಟು. ಅತ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಮೂಗುಬಟ್ಟು ಒಂದು ಕಾಣ್ತೈತಿ" ಎಂದು ಕೆಳಗಿಟ್ಟಳು. ಬೀಗದ ಮಾತು ಬಂದಾಗ ಅವನು, "ಆ ಸಣ್ಣ ಕಟ್ಟಡ ಯಾಕಮ್ಮಾ? ದೊಡ್ಡ ಆಸ್ಪತ್ರಿನ ಕಟ್ಟಿಸ್ತೀನಿ. ಎಕ್ಸ್‌ರೇ ಮಿಷನ್, ಆಂಬುಲೆನ್ಸ್, ಎಲ್ಲಾ!" ಎಂದ.

"ಅದನ್ನೆಲ್ಲಾ ಕಟ್ಟಾಕ ಬಾಳ ವರ್ಷ ಬೇಕಾಗ್ತಾವ. ನನ್ನ ಮಗಳಿಗೆ ಅಷ್ಟು ಪುರುಸೊತ್ತಿಲ್ಲಪ್ಪ" ಎಂದಳು ಅತ್ತೆ.

ಇಬ್ಬರ ಕಡೆಯಿಂದಲೂ ಒಂದೊಂದು ಸೀರೆ ಬಂತು. ಬೇಡ ಎಂದು ಕಳಿಸುವವಳೇ, ಆದರೆ ನೋಡದೆ ಕಳಿಸಿದರೆ ಆಕೆ ನಮ್ಮ ಅತ್ತೆ ಹೇಗಾದಾಳು? ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದಳು. ಗುತ್ತಿಗೆದಾರನದು ಬಣ್ಣ ಬಿಟ್ಟಿತು. ವ್ಯಾಪಾರಿಯದು ಬಣ್ಣ ಬಿಡಲಿಲ್ಲ, ಆದರೆ ಮೊಳದಷ್ಟು ಕುಗ್ಗಿತು. ಎರಡನ್ನೂ ಹಿಂಡಿ, ಹಸಿಹಸಿಯಾಗಿಯೇ, ಪ್ರಚಾರಕ್ಕೆ ಮತ್ತೆ ಬಂದ ಅವರವರ ಜೀಪಿನ ಸೀಟಿನ ಮೇಲೆ ಇಟ್ಟು ಬಂದಳು.

ಮೂರನೆಯಾಕೆ ಪಕ್ಷೇತರ, ಪಕ್ಕದೂರಿನ ರೈತನ ಹೆಂಡತಿ. ಗಂಡನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬಂದಳು. ಅವಳ ಗಂಡನೂ ಬಾಯಿ ತೆರೆದ, "ನೋಡ್ರಿ ಅತ್ತಿ, ನಾವು ಏನಂತೀವಂದ್ರ..." ಅಷ್ಟೇ. ಅತ್ತೆ ಒಂದು ತಟ್ಟೆ ಮಿರ್ಚಿ ಅವನ ಕೈಗಿತ್ತು, ಹೊರಗಿನ ಕಟ್ಟೆಗೆ ಕಳಿಸಿ, ಬಾಗಿಲು ಹಾಕಿದಳು. ನನ್ನನ್ನೂ ಹೊರಗೆ ಹಾಕಿದಳು, ಹಿಟ್ಟು ಕಲಸಿದ ಕೈಗೆ ಅಷ್ಟೂ ಬೆಲೆ ಇಲ್ಲವೇ? ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಬಾಗಿಲು ನೋಡಿದ್ದೇ ನೋಡಿದ್ದು. "ಏನು ಕೇಳ್ತಾರ್ರೀ ಒಳಗ?" ಎಂದು ಅವನು ಮತ್ತೆ ಮತ್ತೆ ನನ್ನನ್ನು ವಿಚಾರಿಸಿದ. ಬಾಗಿಲು ತೆರೆದಾಗ ಒಳಗಿದ್ದ ಇಬ್ಬರ ಕಣ್ಣೂ ಕೆಂಪಾಗಿದ್ದವು. ಮಿರ್ಚಿ ಖಾರ ಜಾಸ್ತಿಯಾಯಿತೇನೋ ಎಂದುಕೊಂಡೆ ನಾನು. "ಅತ್ತಿ, ಏನಂದ್ಲು ಆಕಿ?" ಎಂದು ನಾನು ಕೇಳಿದರೆ, "ನಿನಗ್ಯಾಕ ಅದು? ಹೋಗು, ಎಣ್ಣಿ ಕೆಳಗಿಳಿಸು" ಎಂದಳು.

ಓಟಿನ ದಿನ ಪರದೆಯ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಸಾಲು ಬೆಳೆಯಿತು. ಮತಗಟ್ಟೆ ಅಧಿಕಾರಿ, "ಅಮ್ಮಾ, ಮುದ್ರಿ ಒತ್ತಿದ್ರೇನು?" ಎಂದು ಕೂಗಿದ. "ತಡಿಯಪ್ಪಾ, ಮೂರೂ ಗುರ್ತು ನೋಡಾಕತ್ತೀನಿ. ಪುಕ್ಕಟೆ ಕೊಟ್ಟೀರಿ ಅಂತ ಹೆಂಗರ ಒತ್ತಾಕ ಬರ್ತೈತೇನು?"

ಮನೆಗೆ ನಡೆಯುವಾಗ ಅತ್ತೆ ತಾನಾಗಿಯೇ ಹೇಳಿದಳು, ಓಟು ಆ ಸೈಕಲ್ಲಿನವಳಿಗೆ ಎಂದು.

"ಆಕಿ ಬೀಗ ತೆಗೆಸ್ತೀನಂದ್ಲೇನು?" ಎಂದೆ.

"ಇಲ್ಲ. ತೆಗೆಸಾಕ ಬಡಿದಾಡ್ತೀನಿ, ಆದ್ರ ನಿಮ್ಮ ಮಗಳ ದಿನದೊಳಗ ಆಗಂಗಿಲ್ಲ ಅಂದ್ಲು. ನನ್ನ ನೆಚ್ಚಿಕೊಂಡು ಆಕಿನ್ನ ಇಲ್ಲಿಗೆ ಕರ್ಕೊಂಡು ಬರಬ್ಯಾಡ್ರಿ ಅಂದ್ಲು." ಅತ್ತೆ ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಆಕಿ ಮೊದಲನೇ ಕೂಸು ಗಾಡ್ಯಾಗ ಹೋತಂತ. ಕುರುಗೋಡು ಮುಟ್ಟೂದ್ರಾಗ."

ಅತ್ತೆ ಬೇಕೆಂದದ್ದನ್ನು ಇಬ್ಬರು ಕೊಡುತ್ತೇನೆ ಎಂದಿದ್ದರು. ಆಗುವುದಿಲ್ಲ ಎಂದವಳಿಗೆ ಅತ್ತೆ ಓಟು ಹಾಕಿ ಬಂದಿದ್ದಳು.

ಆ ಹೆಂಗಸು ಸೋತಳು. ಗುತ್ತಿಗೆದಾರನ ಹೆಂಡತಿ ಗೆದ್ದಳು, ಹಾರಗಳನ್ನೆಲ್ಲ ಗುತ್ತಿಗೆದಾರ ಹಾಕಿಸಿಕೊಂಡ. ಬೀಗ ಹಾಗೆಯೇ ಇತ್ತು.

ಮಗಳಿಗೆ ಕುಬುಸ, ಅಂದರೆ ಸೀಮಂತ, ಮಾಡಲು ಅತ್ತೆ ನನ್ನನ್ನೂ ಕರೆದುಕೊಂಡು ಸಿರುಗುಪ್ಪಕ್ಕೆ ಹೋದಳು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಆರತಿ ಆಯಿತು. ಕುಬುಸ ಮುಗಿದರೆ ಮಗಳನ್ನು ತವರಿಗೆ ಕರೆದೊಯ್ಯುವ ಹೊತ್ತು. ಬೀಗತಿ ಬಾಗಿಲ ಹತ್ತಿರ ಗಟ್ಟಿಯಾಗಿ ನಿಂತಿದ್ದಳು, ಜಗಳಕ್ಕೆ ತಯಾರಾಗಿಯೇ. ಮಗಳು ತಾಯಿಯ ಸೆರಗು ಹಿಡಿದು ಅತ್ತಳು. "ಅವ್ವಾ, ನನ್ನ ಕರ್ಕೊಂಡು ಹೋಗು. ನನಗ ಹೆದರಿಕಿ ಆಗ್ತೈತಿ. ನೀ ಇದ್ರ ಸಾಕು."

ಒಂದು ಮಾತು ಆಡಿದ್ದರೆ ಮಗಳು ಆಕೆಯ ಹಿಂದೆ ಬಂದುಬಿಡುತ್ತಿದ್ದಳು. ಅತ್ತೆ ಅವಳ ತಲೆ ಸವರಿದಳು.

"ಬ್ಯಾಡ ಮಗಳ. ನಾ ಎರಡೂ ತೂಗಿ ನೋಡೇನಿ. ಇಲ್ಲಿ ಡಾಕ್ಟ್ರಮ್ಮ ಅದಾಳ. ಅಲ್ಲಿ ನಾ ಒಬ್ಬಾಕಿನ ಅದೀನಿ."

ಆಮೇಲೆ, ಹೆಣ್ಣು ಕೊಟ್ಟ ಮನೆಯಲ್ಲಿ ತಾಯಿ ಉಳಿಯಬಾರದೆಂದು ಒಂದು ರಾತ್ರಿಯೂ ಅಲ್ಲಿ ತಂಗಿರದ ನನ್ನ ಅತ್ತೆ, ಬಾಗಿಲ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು: "ಬೀಗತಿ, ಕೂಸು ಹುಟ್ಟೂ ತನಕ ನನಗೊಂದು ಚಾಪಿ ಕೊಡ್ತೀರೇನ್ರಿ? ಯಾವುದಾರ ಮೂಲ್ಯಾಗ ಬಿದ್ದಿರ್ತೀನಿ."

ಬೀಗತಿ ಒಳಗೆ ಹೋಗಿ ಚಾಪೆ ತಂದಳು. ಮೂಲೆಯಲ್ಲಿ ಹಾಸಲಿಲ್ಲ, ಮಗಳ ಮಂಚದ ಪಕ್ಕದಲ್ಲೇ ಹಾಸಿದಳು.