ಅಮೆರಿಕಾದ ಪಂಕ್ತಿಯೂ ತಿಕೋಟಾದ ಎಮ್ಮೆಯೂ

ಅರ್ಥಶಾಸ್ತ್ರ ಹೇಳುವವನ ಬಾಯಿಗೆ ಹಾಕಲು ನಮ್ಮ ಕಡೆಯ ಮಂದಿ ಯಾವಾಗಲೂ ಒಂದು ಬೀಗ ಹಿಡಿದುಕೊಂಡೇ ಬರುತ್ತಾರೆ. ವಿಜಯಪುರದ ಜಲನಗರದಲ್ಲಿ ಮನೆ, ತಿಕೋಟಾದ ಕಾಲೇಜಿನಲ್ಲಿ ಪಾಠ. ನನ್ನ ಬಾಯಿಗೆ ಬಿದ್ದ ಬೀಗಗಳಿಗೆ ಲೆಕ್ಕವಿಲ್ಲ.

ಬಡಿಸುವವನು

ಅಮೆರಿಕಾದ ಶ್ರೀಮಂತರಲ್ಲೂ ಸಂಪತ್ತು ಸಮನಾಗಿ ಹಂಚಿಲ್ಲ, ದೊಡ್ಡ ಪಾಲು ತೀರ ಮೇಲಿನ ಕೆಲವೇ ಮನೆಗಳಲ್ಲಿದೆ ಎಂದು ಪಾಠ ಮಾಡುತ್ತಿದ್ದೆ. ಹುಡುಗರ ಮುಖ ನೋಡಿದರೆ ಒಂದೂ ತಲೆಗೆ ಹೋದಂತಿರಲಿಲ್ಲ. ಮದುವೆ ಊಟದ ಉದಾಹರಣೆ ಕೊಟ್ಟೆ: ಪಂಕ್ತಿಯಲ್ಲಿ ಕುಂತವರೆಲ್ಲ ಸಾವುಕಾರರೇ, ಆದರೆ ಮುಂದಿನ ನಾಲ್ಕು ಎಲೆಗೇ ಹೋಳಿಗೆಯ ಬುಟ್ಟಿ ಖಾಲಿ. ಹೀಗೇಕೆ ಆಗುತ್ತದೆ ಎಂದು ಕೇಳಿದೆ. ಕನಮಡಿಯಿಂದ ಬರುವ ಹುಡುಗಿ ಎದ್ದು ನಿಂತಳು.

"ಅದರಾಗೇನೈತ್ರಿ ಸರ, ಬಡಸಾವನ ಬೀಗರು ಮುಂದ ಕುಂತಿರತಾರ."

ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಯಾವುದೂ ಇಷ್ಟು ಚೊಕ್ಕಾಗಿ ಹೇಳಿರಲಿಲ್ಲ.

ಸಾವುಕಾರರ ಕಣ್ಣೀರು

ಬಬಲೇಶ್ವರದಲ್ಲಿ ಒಂದು ಸಭೆ. ಅಧ್ಯಕ್ಷರು ಊರಿಗೇ ದೊಡ್ಡ ದ್ರಾಕ್ಷಿ ತೋಟದ ಸಾವುಕಾರರು. ಊರ ಶಾಲೆಯ ಛಾವಣಿಗೆ ಅವರಿಂದ ದೇಣಿಗೆ ಪಡೆಯಬೇಕೆಂಬುದು ಸಂಘಟಕರ ಆಸೆ. ಭಾಷಣಕ್ಕೆ ನಿಂತ ನಾನು ಉತ್ಸಾಹದಲ್ಲಿ, ಅಮೆರಿಕಾದ ಸಂಪತ್ತು ಕೆಲವೇ ಮನೆಗಳಲ್ಲಿ ಸೇರಿದೆ, ಅಲ್ಲಿಯ ಶ್ರೀಮಂತನೂ ತನಗಿಂತ ಮೇಲಿನವನನ್ನು ನೋಡಿ ತಾನು ಬಡವನೆಂದೇ ಕೊರಗುತ್ತಾನೆ ಎಂದೆ. ಸಾವುಕಾರರು ಟವೆಲಿನಿಂದ ಕಣ್ಣೊರೆಸಿಕೊಂಡರು. ನಮ್ಮ ಸಂಕಟ ಇಷ್ಟು ವರ್ಷಕ್ಕೆ ಒಬ್ಬರಿಗಾದರೂ ತಿಳಿಯಿತಲ್ಲ ಎಂದು ನನ್ನ ಕೈ ಹಿಡಿದರು. ಆಮೇಲೆ, ಮಹಾರಾಷ್ಟ್ರದ ತೋಟಗಳ ಮುಂದೆ ತಾವು ಏನೂ ಅಲ್ಲ ಎಂದು ಹೇಳಿ, ಛಾವಣಿಯ ಮಾತು ಬಿಟ್ಟು ಎರಡು ಫ್ಯಾನ್ ಕೊಡುವುದಾಗಿ ಸಾರಿ ಹೊರಟುಹೋದರು. ಸಂಘಟಕ ನನ್ನನ್ನು ಬಸ್ಸಿಗೆ ಹತ್ತಿಸುತ್ತ, "ಸರ, ಮುಂದಿನ ಸಲ ಬಡವರ ಮ್ಯಾಲೆ ಮಾತಾಡ್ರಿ" ಎಂದ.

ಓಣಿಯ ಆಸ್ತಿ

ತಿಕೋಟಾದಲ್ಲಿರುವ ನನ್ನ ಅಕ್ಕನ ಮಗನಿಗೆ ಬಬಲೇಶ್ವರದ ಹೆಣ್ಣು ಮನಸ್ಸಿಗೆ ಬಂದಿತ್ತು. ಮನೆ ಸಾದಾ ಎಂದು ಹಿಂದಿನ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿದರೆ ಎಂಬ ಚಿಂತೆಗೆ ಅಕ್ಕನಿಗೆ ಅನ್ನ ಸೇರುತ್ತಿರಲಿಲ್ಲ. ಹೆಣ್ಣಿನವರು ಮನೆ ನೋಡಲು ಬರುವ ದಿನ ಬಾಜೂ ಮನೆಯ ಸೋಫಾ, ಎದುರು ಮನೆಯ ಫ್ರಿಜ್, ಹಿಂದಿನ ಮನೆಯ ಎಮ್ಮೆ ಎಲ್ಲ ತರಿಸಿದಳು. ಓಣಿಯ ಮಂದಿ ತಾವೇ ಹೊತ್ತು ತಂದುಕೊಟ್ಟರು. ನನ್ನನ್ನು ಹಿರಿಯನೆಂದು ಸೋಫಾದ ಮೇಲೆ ಕೂರಿಸಿದಳು.

ಹೆಣ್ಣಿನ ಅಪ್ಪ ಎಲ್ಲ ನೋಡಿ ಹಿಗ್ಗಿದರು. ಆದರೆ ಹೆಣ್ಣು ಕೊಡುವ ಮೊದಲು ಓಣಿಯಲ್ಲಿ ವಿಚಾರಿಸುವುದು ನಮ್ಮ ಕಡೆ ಪದ್ಧತಿ. ಅಕ್ಕ ಅದೊಂದನ್ನು ಮರೆತಿದ್ದಳು. ಹೆಣ್ಣಿನ ಅಪ್ಪ ಆ ಮೂರೂ ಮನೆ ತಿರುಗಿ ಬಂದವರೇ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತರು.

"ಮಾಸ್ತರ್ರ, ನಮ್ಮೂರಾಗ ನಿಮ್ಮ ಭಾಷಣಾ ನಾನೂ ಕೇಳೇನಿ. ಅಮೆರಿಕಾದಾಗಷ್ಟ ಹಂಗ ಅಂತ ತಿಳದಿದ್ದೆ. ಇಲ್ಲೆ ಓಣಿ ಆಸ್ತಿ ಎಲ್ಲಾ ಒಂದ ಮನ್ಯಾಗ ಸೇರೇತಿ. ಬಾಜೂದವ್ರು ಚಾಪಿ ಮ್ಯಾಲೆ ಕುಂತಾರ. ಎದುರಿನವ್ರಿಗೆ ಫ್ರಿಜ್ ಇಲ್ಲ. ಹಿಂದಿನವ್ರ ಎಮ್ಮಿ ಸುದ್ದಾ ಈ ಮನಿಗೆ ಬಂದೈತಂತ. ಮಂದೀನ ಬರಿಗೈ ಮಾಡಿದ ಮನಿಗೆ ನಾ ಮಗಳ್ನ ಕೊಡಂಗಿಲ್ಲ."

ನನ್ನ ಅರ್ಥಶಾಸ್ತ್ರ ಆವಿಯಾಗಿ ಹೋಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸುತ್ತ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು: ಸೋಫಾ ತನ್ನದಲ್ಲ, ಫ್ರಿಜ್ ತನ್ನದಲ್ಲ, ಎಮ್ಮೆಯೂ ತನ್ನದಲ್ಲ, ಮಗನೊಬ್ಬನೇ ತನ್ನವನು. ಅಲ್ಲಿಗೆ ಈ ಸಂಬಂಧವೂ ಮುಗಿಯಿತು ಎಂದುಕೊಂಡೆ. ಹೆಣ್ಣಿನ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಸೋಫಾ ಬಿಟ್ಟು ನೆಲದ ಮೇಲೆ ಕುಂತು, ಹೊಟ್ಟೆ ಕುಲುಕುವಷ್ಟು ನಕ್ಕರು.

"ಕೇಳಿದ ಕೂಡಲೇ ಎಮ್ಮಿ ಸುದ್ದಾ ಕೊಡೋ ಓಣಿ ಇದ್ರ ನನ್ನ ಮಗಳಿಗೆ ಇನ್ನೇನ ಬೇಕವ್ವಾ. ಲಗ್ನ ಗಟ್ಟಿ. ಆದರ ಮೊದಲ ಆ ಎಮ್ಮಿ ಹೊಳ್ಳಿ ಕಳಸ್ರಿ. ಆ ಮನ್ಯಾಗ ಹಾಲಿಲ್ದ ನನಗ ಕರೀ ಚಾ ಕುಡಿಸ್ಯಾರ."