ಓಟಕ್ಕೆ ಮೊದಲಿನ ಸನ್ಮಾನ

ಈ ವರ್ಷದ ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ, ಕೊಲ್ಲಿ ದೇಶವೊಂದರ ಪಂದ್ಯದ ಮೈದಾನದಲ್ಲಿ ಒಂಟೆಯೊಂದು ಕುಳಿತುಕೊಂಡಿತು. ಈ ಸಂಗತಿಯನ್ನು ಶಹಾಪುರ, ಸುರಪುರ ಮತ್ತು ಯಾದಗಿರಿಯ ಸಂಬಂಧಪಟ್ಟ ಎಲ್ಲರೂ ಗಂಭೀರವಾಗಿ ಪರಿಗಣಿಸಿದ್ದಾರೆ.

ಒಂಟೆಯನ್ನು ನೋಡಿಕೊಳ್ಳುವವನು ಯಾದಗಿರಿ ಕಡೆಯ ಬಳಿಚಕ್ರದ ಯಂಕಣ್ಣ. ಅದು ಓಟದಲ್ಲಿ ಗೆದ್ದರೆ ಆತನಿಗೆ ಎರಡು ತಿಂಗಳ ರಜೆ ಕೊಡುವುದಾಗಿ ಮಾಲೀಕರು ಮಾತು ಕೊಟ್ಟಿದ್ದರು. ಮುಂದಿನ ತಿಂಗಳು ಊರಲ್ಲಿ ಮಗಳು ಯಶೋಧರಾಳ ಮದುವೆಯಿತ್ತು. ಆದ್ದರಿಂದ ಯಂಕಣ್ಣ ಒಂಟೆಗೆ ಖರ್ಜೂರ, ಹಾಲು, ಜೇನುತುಪ್ಪ ತಿನ್ನಿಸಿ, ತಾನು ಅನ್ನ ಸಾರು ಉಂಡು, ಅದನ್ನು ಓಟಕ್ಕೆ ತಯಾರು ಮಾಡಿದ್ದ. ಬೆನ್ನ ಮೇಲೆ ಕೂರುವ ಸವಾರ ಮನುಷ್ಯನಲ್ಲ, ರಿಮೋಟ್ ಒತ್ತಿದರೆ ಚಾಟಿ ಬೀಸುವ, ನೀರಿನ ಕೊಡದಷ್ಟು ದೊಡ್ಡ ಯಂತ್ರ. ಯಂತ್ರ ರಜೆ ಕೇಳುವುದಿಲ್ಲವೆಂಬುದು ಮಾಲೀಕರ ಅನುಭವ.

ಸುದ್ದಿ ಅಲ್ಲಿ ದುಡಿಯುವ ಊರ ಕಡೆಯವರ ಸಗರನಾಡು ಹಿತವರ್ಧಕ ಸಂಘಕ್ಕೆ ಮುಟ್ಟಿತು. ಅಧ್ಯಕ್ಷರು ರಂಗಂಪೇಟೆಯ ಜಗದೇವಪ್ಪ. ಬಸ್ಸು ಮಾಡಿಕೊಂಡು ಓಟ ನೋಡಲು ಹೋಗುವುದು, ನಮ್ಮವನು ಸಾಕಿದ ಒಂಟೆಗೆ ಶಾಲು ಹೊದಿಸುವುದು ಎಂದು ಸಭೆ ತೀರ್ಮಾನಿಸಿತು. ಮುಖ್ಯ ಅತಿಥಿಯಾಗಿ ಶಹಾಪುರದ ಮುಖಂಡ ರೇವಣಸಿದ್ದ ಅವರು ಸಿಕ್ಕರು. ಅವರು ಭತ್ತದ ಗದ್ದೆಗೆ ನೀರು ಹಾಯಿಸುವ ಕ್ರಮವನ್ನು ಅಧ್ಯಯನ ಮಾಡಲು ಆ ಮರಳುಗಾಡಿಗೆ ಬಂದಿದ್ದರು.

ಮುಖ್ಯ ಅತಿಥಿಗಳಿಗೆ ಬೇರೊಂದು ಕಾರ್ಯಕ್ರಮವಿತ್ತು. ಮುಖ್ಯ ಅತಿಥಿಗಳಿಗೆ ಯಾವಾಗಲೂ ಇರುತ್ತದೆ. ಹೀಗಾಗಿ ಸನ್ಮಾನ ಮೊದಲು, ಓಟ ಆಮೇಲೆ ಎಂದು ಜಗದೇವಪ್ಪ ಪ್ರಕಟಿಸಿದರು.

ಯಂಕಣ್ಣ ಅಡ್ಡ ಬಂದ. "ಓಟ ಮುಗದ ಮ್ಯಾಲೇ ಇದರ ಮೈಮ್ಯಾಲ ಕಂಬಳಿ ಹಾಕ್ತೀವ್ರಿ. ಬಟ್ಟಿ ಬಿತ್ತಂದ್ರ ಕೆಲಸ ಮುಗೀತಂತ ಕುಂತಬಿಡ್ತೈತ್ರಿ."

"ಇದು ಕಂಬಳಿ ಅಲ್ಲೋ ಯಂಕಣ್ಣ, ಶಾಲು. ಜರಿ ಐತಿ ನೋಡು," ಎಂದರು ಜಗದೇವಪ್ಪ.

"ಅದಕ್ಕ ಜರಿ ತಿಳ್ಯಂಗಿಲ್ರಿ."

"ಗೆದ್ದ ಮ್ಯಾಲ ಯಾರರ ಸನ್ಮಾನ ಮಾಡ್ತಾರ," ಎಂದರು ರೇವಣಸಿದ್ದ. "ಮೊದಲ ಮಾಡೋದು ದೊಡ್ಡಸ್ತಿಕಿ. ಇಲೆಕ್ಷನ್‌ದಾಗ ನನಗೂ ಹಂಗ ಮಾಡಿದ್ರು."

ಆ ಚುನಾವಣೆಯಲ್ಲಿ ಅವರು ಸೋತಿದ್ದನ್ನು ಯಾರೂ ನೆನಪಿಸಲಿಲ್ಲ.

ಸ್ವಾಗತ, ಪ್ರಾಸ್ತಾವಿಕ ನುಡಿ ಮುಗಿದು ಕೊರಳಿಗೆ ಹೂಮಾಲೆ ಬಿತ್ತು, ಬೆನ್ನಿಗೆ ಶಾಲು ಬಿತ್ತು. ಒಂಟೆ ಮುಂಗಾಲು ಮಡಚಿತು, ಹಿಂಗಾಲು ಮಡಚಿತು, ಕುಳಿತು ಹೂಮಾಲೆ ತಿನ್ನತೊಡಗಿತು. ಗೇಟು ತೆರೆಯಿತು. ಉಳಿದ ಒಂಟೆಗಳು ಓಡಿದವು. ಮಾಲೀಕರು ದೂರದ ಕಾರಿನಿಂದ ರಿಮೋಟ್ ಒತ್ತಿದರು. ಶಾಲಿನೊಳಗೆ ಯಂತ್ರ ಪಟಪಟನೆ ಚಾಟಿ ಬೀಸಿತು. ಸದಸ್ಯರು ಅದನ್ನು ಚಪ್ಪಾಳೆಯೆಂದು ತಿಳಿದು ತಾವೂ ತಟ್ಟಿದರು.

ಯಂಕಣ್ಣ ಮಂಡಿಯೂರಿ, "ಏಳವ್ವ, ನನ್ನವ್ವ, ಏಳ," ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದ.

"ಗಪ್ಪಿರೋ," ಎಂದು ಜಗದೇವಪ್ಪ ಗದರಿದರು. "ಅತಿಥಿಗಳು ಮಾತಾಡಾಕತ್ತಾರ."

ಭಾಷಣ ಮುಗಿಯುವಷ್ಟರಲ್ಲಿ ಓಟವೂ ಮುಗಿದಿತ್ತು. ಮಾಲೀಕರು ರಜೆ ಇಲ್ಲವೆಂದರು.

ಸಂಘ ತುರ್ತು ಸಭೆ ಕರೆಯಿತು. ಸನ್ಮಾನಿತರನ್ನು ಓಡಿಸುವುದು ಶಿಷ್ಟಾಚಾರಕ್ಕೆ ವಿರುದ್ಧವಾದ್ದರಿಂದ ಒಂಟೆಯ ನಡವಳಿಕೆ ಸರಿಯಾಗಿದೆ ಎಂಬ ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು. ಯಾದಗಿರಿಗೆ ಪತ್ರಿಕಾ ಪ್ರಕಟಣೆ ಹೋಯಿತು. ಸುರಪುರದಲ್ಲಿ ಅಭಿನಂದನೆಯ ಬ್ಯಾನರ್ ಎದ್ದಿತು. ಅದರಲ್ಲಿ ಮುಖ್ಯ ಅತಿಥಿಗಳು ದೊಡ್ಡದಾಗಿ, ಒಂಟೆ ಸಣ್ಣದಾಗಿ ಇದ್ದರು. ಯಂಕಣ್ಣನ ಒಂದು ಕೈ ಇತ್ತು.

ಬ್ಯಾನರ್ ನೋಡಿ ಬಂದ ಹೆಂಡತಿ ಸುಂದ್ರಮ್ಮ ಫೋನು ಮಾಡಿದಳು.

"ಗೆದ್ದೀರಂತಲ್ಲ. ಯಾವಾಗ ಬರ್ತೀರಿ?"

"ಬರಾಕ ಆಗಂಗಿಲ್ಲ. ಅದು ಓಟಕ್ಕ ಮೊದಲ ಕುಂತಬಿಡ್ತು."

"ಎಬ್ಬಿಸಬೇಕಿಲ್ಲೇನು?"

"ಸನ್ಮಾನ ಆಗಿತ್ತು."

"ಹಂಗಾರ ಹ್ಯಾಂಗ ಎಬ್ಬಿಸಾಕ ಬರ್ತೈತಿ," ಎಂದಳು.

ಯಂಕಣ್ಣನಿಗೆ ಅನ್ಯಾಯವಾಗಬಾರದೆಂದು ಸಂಘವು ಒಂಟೆಯ ಶಾಲನ್ನು ಒಗೆಸಿ ಆತನಿಗೇ ಹೊದಿಸಿತು. ಆತ ಕುಳಿತ. ಆಮೇಲೆ ಎದ್ದು, ಊರಿಗೆ ಹೊರಟಿದ್ದ ಮುಖ್ಯ ಅತಿಥಿಗಳ ಕೈಯಲ್ಲಿ ಶಾಲನ್ನು ಮನೆಗೆ ಕಳಿಸಿದ.

ಯಶೋಧರಾಳ ಮದುವೆ ಬಳಿಚಕ್ರದಲ್ಲಿ ಗೊತ್ತುಪಡಿಸಿದ ದಿನವೇ ನಡೆಯಿತು. ತಂದೆಯ ಕುರ್ಚಿಗೆ ಶಾಲು ಹೊದಿಸಿದ್ದರು.